ಗಗನನೌಕೆಯಲ್ಲಿ ತಾಳಮದ್ದಲೆ

ವರ್ತಕ ನಗರ, ಠಾಣೆ
12 ಜೂನ್ 2011

ಪುಂಡರೀಕಾಕ್ಷ ಮಾವನಿಗೆ ಸುಮೇಧಾಳ ನಮಸ್ಕಾರ.

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಎತ್ತಿದರೂ "ಹಾಂ, ಹಾಂ, ಸರಿ" ಎಂದು ಇಟ್ಟುಬಿಡುತ್ತೀರಿ. ನಾನು ಹೇಳಿದ್ದರಲ್ಲಿ ಒಂದೂ ನಿಮಗೆ ಕೇಳಿಸಿರುವುದಿಲ್ಲ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಅದಕ್ಕೇ ಈ ಕಾಗದ. ಏಳನೇ ತರಗತಿಯವರೆಗೆ ನನ್ನನ್ನು ಹಟ ಮಾಡಿ ಕನ್ನಡ ಶಾಲೆಗೆ ಹಾಕಿಸಿದ್ದು ನೀವೇ, ಈಗ ಅನುಭವಿಸಿ.

ನಾವು ಕೆಲವರು ಆಫೀಸು ಮುಗಿಸಿ ಸಂಜೆ ಕನ್ನಡದಲ್ಲಿ ಧ್ವನಿನಾಟಕ ಮಾಡುತ್ತಿದ್ದೇವೆ ಎಂದು ಅಮ್ಮ ನಿಮಗೆ ಹೇಳಿರಬೇಕು. ವಾಶಿಯಲ್ಲಿ ಮನೀಶ ಎಂಬ ಗೆಳೆಯನ ಮನೆಯ ಒಂದು ಕೋಣೆಯ ಗೋಡೆಗೆಲ್ಲ ಹಾಸಿಗೆ ಕಟ್ಟಿ ಸ್ಟುಡಿಯೋ ಮಾಡಿಕೊಂಡಿದ್ದೇವೆ. ಅರ್ಧ ಗಂಟೆಯ ನಾಟಕ, ಇಂಟರ್ನೆಟ್ಟಿಗೆ ಹಾಕುತ್ತೇವೆ, ಸಿಡಿ ಮಾಡಿ ಹಂಚುತ್ತೇವೆ. ಎಲ್ಲವೂ ವಿಜ್ಞಾನ ಕಥೆಗಳೇ. ಬೇರೆಯವರು ಬರೆದದ್ದನ್ನು ತಿದ್ದಿ ರೆಕಾರ್ಡಿಂಗಿಗೆ ಸಿದ್ಧ ಮಾಡುವ ಕೆಲಸ ನನ್ನದು. ಮೂರು ನಾಟಕ ಆಗಿವೆ. ಮೂರರಲ್ಲೂ ನೌಕೆ ಚೆನ್ನಾಗಿ ಹಾರುತ್ತದೆ, ಮಾತು ಮಾತ್ರ ಮೇಲೇಳುವುದಿಲ್ಲ. ಬರೆಯುವವರೆಲ್ಲ ನನ್ನ ಹಾಗೆ ಇಲ್ಲೇ ಹುಟ್ಟಿದವರು. ಜಗಳದ ದೃಶ್ಯ ಬಂತೆಂದರೆ ಹಿಂದಿಗೆ ಓಡುತ್ತಾರೆ.

ನೀವು ಮೂವತ್ತು ವರ್ಷ ತಾಳಮದ್ದಲೆಯಲ್ಲಿ ಅರ್ಥ ಹೇಳಿದವರು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡಿದ ಮೇಲೆ ಇಬ್ಬರು ಎದುರುಬದುರು ಕೂತು ಬರಿಯ ಮಾತಿನಲ್ಲೇ ಯುದ್ಧ ಮಾಡುವುದು. ಚಿಕ್ಕವಳಿದ್ದಾಗ ಅಮ್ಮನ ತೊಡೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದರೂ ನನಗೆ ಅರಮನೆ ಕಾಣುತ್ತಿತ್ತು. ಅದು ಧ್ವನಿನಾಟಕ ಅಲ್ಲದೆ ಮತ್ತೇನು?

ಫೆಬ್ರವರಿಯ ತಾಳಮದ್ದಲೆ ಕೂಟದ ನಂತರ ಇನ್ನು ಯಾರೆದುರೂ ಕೂರುವುದಿಲ್ಲ ಎಂದಿದ್ದೀರಂತೆ. ಕೂರುವುದು ಬೇಡ, ಬರೆಯಿರಿ. ಬರೆಯುವುದಕ್ಕೆ ಕಿವಿ ಬೇಕಾಗಿಲ್ಲ. ನೀವು ಮಾತಿಲ್ಲದೆ ಕೂತಿರುವುದನ್ನು ನೋಡಲು ನನ್ನಿಂದ ಆಗುವುದಿಲ್ಲ, ಅಷ್ಟೇ.

ನಿಮ್ಮ ಸೋದರ ಸೊಸೆ,
ಸುಮೇಧಾ


ಕಲ್ಯಾಣ
10 ಜುಲೈ 2011

ಚಿ. ಸುಮೇಧಾ,

ಕಾಗದ ಬಂತು. ಅಕ್ಷರ ಪರವಾಗಿಲ್ಲ. ನೀನು ಹೇಳಿದ ಕೆಲಸ ನನ್ನಿಂದಾಗುವುದಿಲ್ಲ.

ಮೂವತ್ತನಾಲ್ಕು ವರ್ಷ ಹೋಟೆಲು ನಡೆಸಿದವನಿಗೆ ಮೇ ತಿಂಗಳ ಸೆಕೆಯಲ್ಲಿ ಹಿಟ್ಟು ಹುಳಿಯಾಗದ ಹಾಗೆ ನೋಡಿಕೊಳ್ಳುವುದು ಗೊತ್ತು, ಗ್ರಹಗಳ ಸುದ್ದಿ ಗೊತ್ತಿಲ್ಲ. ಅದಲ್ಲದೆ ಮಾತು ಎಂಬುದು ಒಬ್ಬನೇ ಕೂತಾಗ ಹುಟ್ಟುವಂಥದ್ದಲ್ಲ ಮಾರಾಯ್ತಿ. ಎದುರಿಗೆ ಒಬ್ಬ ಕೂತು ಕೆಣಕಬೇಕು. ಗೋಡೆಯ ಜೊತೆ ವಾದ ಮಾಡುವವನನ್ನು ಜನ ಬೇರೆ ಹೆಸರಿನಿಂದ ಕರೆಯುತ್ತಾರೆ.

ಆಗುವುದಿಲ್ಲ ಎಂದು ನಿನಗೆ ಖಾತ್ರಿಯಾಗಲಿ ಅಂತ ಒಂದು ಬರೆದು ನೋಡಿದೆ. ಐವತ್ತೆಂಟು ಪುಟ ಆಯಿತು. ಇದರೊಟ್ಟಿಗೆ ಇಟ್ಟಿದ್ದೇನೆ.

ಕಥೆ ಇಷ್ಟೇ. ಒಂದು ನೌಕೆಯಲ್ಲಿ ಮುನ್ನೂರು ಜನ ನಿದ್ದೆ ಮಾಡುತ್ತಿದ್ದಾರೆ, ನೂರ ನಲವತ್ತು ವರ್ಷದ ಪ್ರಯಾಣ. ನೋಡಿಕೊಳ್ಳಲಿಕ್ಕೆ ಒಂದು ಯಂತ್ರ. ಹೋಗಬೇಕಾದ ಗ್ರಹ ಹತ್ತಿರ ಬಂದಾಗ ಅಲ್ಲಿ ನೀರು ಕಡಿಮೆ, ಗಾಳಿ ತೆಳು, ಹೊರಡುವಾಗ ಹೇಳಿದ ಹಾಗೆ ಏನೂ ಇಲ್ಲ ಎಂದು ಯಂತ್ರಕ್ಕೆ ತಿಳಿಯುತ್ತದೆ. ಅದು ಕಪ್ತಾನನೊಬ್ಬನನ್ನೇ ಎಬ್ಬಿಸಿ ಹೇಳುತ್ತದೆ: ಉಳಿದವರನ್ನು ಎಬ್ಬಿಸುವುದು ಬೇಡ, ನಿದ್ದೆಯಲ್ಲಿ ಸುಖವಾಗಿದ್ದಾರೆ. ಎಬ್ಬಿಸಲೇಬೇಕು ಎಂದು ಕಪ್ತಾನ. ಇಬ್ಬರಿಗೂ ವಾದ.

ಒಂದು ತೊಂದರೆ ಉಂಟು. ಯಂತ್ರ ಗೆದ್ದುಬಿಟ್ಟಿತು. ಕಪ್ತಾನನಿಗೆ ಕೊಡಲಿಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಹೀಗೆ ಬಿಟ್ಟರೆ ಮುನ್ನೂರು ಜನ ಏಳುವುದೇ ಇಲ್ಲ. ನೀನೇ ಏನಾದರೂ ಮಾಡು.

ಇತಿ, ಬರೆಯಲಾರೆ ಎಂದ
ಪುಂಡರೀಕಾಕ್ಷ ಮಾವ


ವರ್ತಕ ನಗರ, ಠಾಣೆ
31 ಜುಲೈ 2011

ಮಾವ,

ನಿಮ್ಮ ನಾಟಕವನ್ನು ಲೋಕಲ್ ರೈಲಿನಲ್ಲಿ ನಿಂತೇ ಓದಿದೆ. ಬೇಲಾಪುರದಲ್ಲಿ ಇಳಿಯಬೇಕಾದವಳು ಪನ್ವೇಲಿಗೆ ಹೋಗಿ ಮುಟ್ಟಿದೆ, ಆಫೀಸಿನಲ್ಲಿ ಬೈಸಿಕೊಂಡೆ, ನನಗೇನೂ ಅನ್ನಿಸಲಿಲ್ಲ. ಇಷ್ಟು ಖುಷಿ ಆಗಿ ಎಷ್ಟು ದಿನವಾಗಿತ್ತೋ. ಆ ಯಂತ್ರ ಮಾತಾಡುವುದನ್ನು ಕೇಳಿದರೆ ಯಾರನ್ನೂ ಎಬ್ಬಿಸಬಾರದು ಎಂದು ನನಗೂ ಅನ್ನಿಸಿಬಿಟ್ಟಿತು.

ಇನ್ನು ಕೋಪ ಮಾಡಿಕೊಳ್ಳದೆ ಓದಿ.

ಕಪ್ತಾನ ಎದ್ದ ಕೂಡಲೇ ನಾಲ್ಕೂವರೆ ಪುಟ ತನ್ನ ಪರಿಚಯ ಹೇಳಿಕೊಳ್ಳುತ್ತಾನೆ. ತನ್ನ ವಂಶ, ತನ್ನ ಗುರುಗಳು, ನೌಕೆ ಕಟ್ಟಿಸಿದವರ ಹಿರಿಮೆ, ಲೋಹವನ್ನು ಯಾವ ಬೆಟ್ಟದಿಂದ ತಂದರು. ಕೂಟದಲ್ಲಿ ಇದನ್ನು ಪೀಠಿಕೆ ಎನ್ನುತ್ತೀರಿ, ಜನ ತಲೆದೂಗುತ್ತಾರೆ, ಸರಿ. ನೂರ ನಲವತ್ತು ವರ್ಷ ಮಲಗಿ ಎದ್ದವನು ಮೊದಲು ಕೇಳುವುದು ನೀರು. "ನೀರು" ಎಂಬ ಒಂದೇ ಮಾತು ಉಳಿಸಿ ಮಿಕ್ಕದ್ದಕ್ಕೆ ಗೀಟು ಹಾಕಿದ್ದೇನೆ. ಯಂತ್ರಕ್ಕೂ ಒಂದು ಪೀಠಿಕೆ ಇಟ್ಟಿದ್ದಿರಿ. ಅದೂ ಹೋಯಿತು.

"ಕಪ್ತಾನ ಮೌನವಾಗಿ ಕಣ್ಣೊರೆಸಿಕೊಳ್ಳುತ್ತಾನೆ" ಎಂದು ಬರೆದಿದ್ದೀರಿ. ಯಾರಿಗೆ ಕಾಣುತ್ತದೆ ಮಾವ? ಒಂದೋ ಅವನು ಮೂಗೆಳೆಯಬೇಕು, ಇಲ್ಲವೇ ಯಂತ್ರ ಅದನ್ನು ಕಂಡು ಕೇಳಬೇಕು. ಮೂವತ್ತೊಂದನೇ ಪುಟದಲ್ಲಿ ಮುನ್ನೂರು ಜನ ಒಟ್ಟಿಗೆ ಎದ್ದರೆ ತಿಂಡಿಗೆ ಎಷ್ಟು ಉದ್ದು, ಎಷ್ಟು ಅಕ್ಕಿ ನೆನೆಹಾಕಬೇಕು ಎಂಬ ಚರ್ಚೆ ಇದೆ. ಓದುತ್ತ ಹಸಿವಾಯಿತು. ಆದರೂ ತೆಗೆದೆ.

ಐವತ್ತೆಂಟು ಪುಟ ಈಗ ಹದಿನೆಂಟು. ಕಪ್ತಾನನ ಉತ್ತರ ಮಾತ್ರ ನಾನು ಬರೆಯುವುದಿಲ್ಲ. ಯಂತ್ರಕ್ಕೆ ಅಷ್ಟು ಬಲ ಕೊಟ್ಟವರು ನೀವು, ಅದನ್ನು ಸೋಲಿಸುವುದೂ ನಿಮ್ಮದೇ ಕೆಲಸ.

ಪ್ರೀತಿಯಿಂದ, ನಿರ್ದಯಿ
ಸುಮೇಧಾ


ಕಲ್ಯಾಣ
14 ಆಗಸ್ಟ್ 2011

ಸುಮೇಧಾ,

ನಿನ್ನ ಕೆಂಪು ಶಾಯಿ ನೋಡಿ ನಿನ್ನ ಅತ್ತೆ ಹೆದರಿದಳು. ನಾನು ಎರಡು ದಿನ ನಿನ್ನ ಜೊತೆ ಮಾತು ಬಿಟ್ಟಿದ್ದೆ, ನೀನು ಠಾಣೆಯಲ್ಲಿ ಇರುವುದರಿಂದ ನಿನಗೆ ಗೊತ್ತಾಗಿರಲಿಕ್ಕಿಲ್ಲ. ಮೂರನೇ ದಿನ ಬಾಗಿಲು ಹಾಕಿಕೊಂಡು "ನೀರು" ಎಂದು ಹೇಳಿ ನೋಡಿದೆ, ಬೇರೆ ಬೇರೆ ರೀತಿಯಲ್ಲಿ. ಅಷ್ಟೇ ಸಾಕು. ನೀನು ಹೇಳಿದ್ದು ಸರಿ. ಈ ಮಾತನ್ನು ನಿನ್ನ ಅಮ್ಮನಿಗೆ ಹೇಳಬೇಡ, ತಂಗಿಯೆದುರು ನನಗೆ ಮರ್ಯಾದೆ ಬೇಕು.

ನಿಮ್ಮ ಹಳೆಯ ಸಿಡಿಯೊಂದನ್ನು ಹಾಕಿ ಸ್ಪೀಕರಿನ ಮೇಲೆ ಕೈಯಿಟ್ಟು ನೋಡಿದೆ. ನಿಮ್ಮ ನೌಕೆ ಸೊಳ್ಳೆಯಷ್ಟೂ ಅಲುಗುವುದಿಲ್ಲ. ಮನೀಶನನ್ನು ನಮ್ಮ ಹೋಟೆಲಿನ ಅಡುಗೆಮನೆಗೆ ಕಳುಹಿಸು. ಹಿಟ್ಟು ರುಬ್ಬುವ ದೊಡ್ಡ ಗ್ರೈಂಡರಿನ ಪಕ್ಕದಲ್ಲಿ ಒಂದು ಕಬ್ಬಿಣದ ಬಾಗಿಲು ಉಂಟು, ಅದಕ್ಕೆ ಮೈಕು ತಾಗಿಸಿ ಹಿಡಿಯಲಿ. ಅದು ನೌಕೆ. ಇಡ್ಲಿ ಸ್ಟೀಮರ್ ತೆರೆದಾಗ ಒಂದು ಉಸಿರು ಬಿಡುತ್ತದೆ, ಅದು ನೌಕೆಯ ಬಾಗಿಲು. ಮೂವತ್ತನಾಲ್ಕು ವರ್ಷ ಆ ಸದ್ದಿನ ನಡುವೆ ನಿಂತೇ ನನ್ನ ಕಿವಿ ಹೋದದ್ದು. ಇಷ್ಟಾದರೂ ಉಪಕಾರ ಮಾಡಲಿ.

ಕಪ್ತಾನನ ಉತ್ತರ ಇನ್ನೂ ಬರುತ್ತಿಲ್ಲ. ಒಂಬತ್ತು ಸಲ ಬರೆದು ಹರಿದೆ.

ಪುಂಡರೀಕಾಕ್ಷ ಮಾವ


ಕಲ್ಯಾಣ
3 ಸೆಪ್ಟೆಂಬರ್ 2011

ಮಗಾ ಸುಮೇಧಾ,

ನಿನ್ನ ಮಾವ ಬ್ಯಾಂಕಿಗೆ ಹೋಗಿದ್ದಾರೆ, ಆ ಹೊತ್ತು ನೋಡಿ ಬರೆಯುತ್ತಿದ್ದೇನೆ.

ಮನೆಯಲ್ಲಿ ಈಗ ಬೆಳಿಗ್ಗೆಯಿಂದ ಯಂತ್ರದ್ದೂ ಕಪ್ತಾನನದ್ದೂ ಜಗಳ. ಕುಕ್ಕರ್ ಎಷ್ಟು ಕೂಗಿತು ಎಂದು ಎಣಿಸಲಿಕ್ಕೂ ಆಗುವುದಿಲ್ಲ. ಆದರೆ ಫೆಬ್ರವರಿಯಿಂದ ಮನೆ ಹೇಗಿತ್ತು ಎಂದು ನನಗೆ ಮಾತ್ರ ಗೊತ್ತು, ಹಾಗಾಗಿ ನೀನು ಚೆನ್ನಾಗಿರು ಎಂದು ದಿನಾ ಹೇಳಿಕೊಳ್ಳುತ್ತೇನೆ.

ಒಂದು ವಿಷಯ ನಿನಗೆ ತಿಳಿದಿರಲಿ. ಯಂತ್ರದ ಮಾತನ್ನು ಇವರು ತಮ್ಮದೇ ಸ್ವರದಲ್ಲಿ ಹೇಳುತ್ತಾರೆ. ಕಪ್ತಾನನ ಸರದಿ ಬಂದಾಗ ಗಂಟಲು ಸ್ವಲ್ಪ ಒಡೆಸಿಕೊಂಡು, ಮಾತಿನ ಕೊನೆ ಎಳೆದು ಹೇಳುತ್ತಾರೆ. ಅದು ಚೆನ್ನಯಣ್ಣನ ಸ್ವರ. ಉಲ್ಹಾಸನಗರದಲ್ಲಿ ಟೈಲರ್ ಅಂಗಡಿ ಇಟ್ಟವರು, ಮೂವತ್ತು ವರ್ಷ ಕೂಟದಲ್ಲಿ ಇವರ ಎದುರಿಗೆ ಕೂತವರು.

ಆ ದಿನ ಡೊಂಬಿವಲಿಯಲ್ಲಿ ನಡೆದದ್ದು ನಿನಗೆ ಪೂರ್ತಿ ಗೊತ್ತಿಲ್ಲ. ಚೆನ್ನಯಣ್ಣ ಪ್ರಶ್ನೆ ಕೇಳಿ ಮುಗಿಸಿದರು. ಮುಗಿದದ್ದೇ ಇವರಿಗೆ ತಿಳಿಯಲಿಲ್ಲ, ನಗುಮುಖದಲ್ಲಿ ಕಾಯುತ್ತಾ ಕೂತರು. ಆಮೇಲೆ ಚೆನ್ನಯಣ್ಣ ಮುಂದೆ ಬಗ್ಗಿ ಅದೇ ಪ್ರಶ್ನೆಯನ್ನು ಮಗುವಿಗೆ ಹೇಳುವ ಹಾಗೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಕೇಳಿದರು. ಹಿಂದಿನಿಂದ ಯಾರೋ ನಕ್ಕರು. ಇವರು ಮನೆಗೆ ಬಂದು, "ಕಿವಿ ಹೋದದ್ದಕ್ಕೆ ಬೇಸರ ಇಲ್ಲ, ಚೆನ್ನಯ ನನಗೆ ಕನಿಕರ ತೋರಿಸಿದ" ಎಂದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಕಪ್ತಾನನ ಉತ್ತರ ಯಾಕೆ ಬರುತ್ತಿಲ್ಲ ಎಂದು ಈಗ ತಿಳಿಯಿತಲ್ಲ? ಉತ್ತರ ಕೊಡುವವರು ಉಲ್ಹಾಸನಗರದಲ್ಲಿ ಪ್ಯಾಂಟು ಹೊಲಿಯುತ್ತಾ ಕೂತಿದ್ದಾರೆ. ಅವರನ್ನು ಇವರೆದುರು ಕೂರಿಸು. ನವೆಂಬರಿನಲ್ಲಿ ನಾನು ತಮ್ಮನ ಮಗಳ ಮದುವೆಗೆ ಉಡುಪಿಗೆ ಹೋಗುತ್ತೇನೆ, ತಿಂಗಳು ಅಲ್ಲೇ. ಅಷ್ಟರಲ್ಲಿ ಏನಾದರೂ ಆದರೆ ನನಗೆ ನಿಶ್ಚಿಂತೆ.

ನಿನ್ನ ಅತ್ತೆ,
ಪ್ರಫುಲ್ಲಾ


ವರ್ತಕ ನಗರ, ಠಾಣೆ
18 ಸೆಪ್ಟೆಂಬರ್ 2011

ಮಾವ,

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಯಂತ್ರದ ಪಾತ್ರವನ್ನು ನೀವೇ ಮಾಡಬೇಕು. ಕೈಯಲ್ಲಿ ಸ್ಕ್ರಿಪ್ಟ್ ಇರುತ್ತದೆ, ಎದುರಿನವರು ಏನು ಹೇಳುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ ಎಲ್ಲ ಅದರಲ್ಲೇ ಇದೆ. ಕೇಳಿಸಿಕೊಳ್ಳುವ ಗೋಜೇ ಇಲ್ಲ. ಕಪ್ತಾನನ ಪಾತ್ರಕ್ಕೆ ಚೆನ್ನಯ ಅವರನ್ನು ಕೇಳಬೇಕೆಂದಿದ್ದೇನೆ. ಆ ಮಾತುಗಳು ಅವರ ಬಾಯಿಗೇ ಬರೆದ ಹಾಗಿವೆ.

ಸುಮೇಧಾ


ಕಲ್ಯಾಣ
22 ಸೆಪ್ಟೆಂಬರ್ 2011

ಸುಮೇಧಾ,

ಬೇಡ. ಅವನೆದುರು ನಾನು ಕೂರುವುದಿಲ್ಲ. ನಾಟಕವನ್ನು ವಾಪಸು ಕಳುಹಿಸು.

ಪುಂಡರೀಕಾಕ್ಷ


ಉಲ್ಹಾಸನಗರ
9 ಅಕ್ಟೋಬರ್ 2011

ರಾಯರಿಗೆ ಚೆನ್ನಯನ ನಮಸ್ಕಾರ.

ನಿಮ್ಮ ಸೊಸೆ ಅಂಗಡಿಗೆ ಬಂದಿದ್ದಳು. ಹದಿನೆಂಟು ಪುಟ ನನ್ನ ಮೆಷಿನ್ನಿನ ಮೇಲೆ ಇಟ್ಟು, ನಿಮಗೆ ಯಾಕೆ ಕೋಪ ಎಂದು ಹೇಳಿ ಹೋದಳು. ಎಂಟು ತಿಂಗಳು ಕಾರಣವೇ ಗೊತ್ತಿಲ್ಲದೆ ಇದ್ದೆ. ನಿಮ್ಮ ಮನೆಗೆ ಎರಡು ಸಲ ಬಂದೆ. ಎರಡು ಸಲವೂ ನಿಮಗೆ ನಿದ್ದೆ ಎಂದು ಪ್ರಫುಲ್ಲಕ್ಕ ಹೇಳಿದರು. ಬೆಳಿಗ್ಗೆ ಹನ್ನೊಂದಕ್ಕೆ ನೀವು ನಿದ್ದೆ ಮಾಡುವವರಲ್ಲ.

ಅದು ಕನಿಕರ ಅಲ್ಲ ರಾಯರೇ, ಹೆದರಿಕೆ. ಮೂವತ್ತು ವರ್ಷದಲ್ಲಿ ನನ್ನ ಒಂದು ಪ್ರಶ್ನೆಗೂ ನೀವು ಬಾಯಿ ಮುಚ್ಚಿ ಕೂತದ್ದಿಲ್ಲ. ನನ್ನದು ಮುಗಿಯುವ ಮೊದಲೇ ನಿಮ್ಮದು ಶುರು. ಆ ದಿನ ನಗುತ್ತಾ ಸುಮ್ಮನೆ ಕೂತಿರಿ. ನನ್ನ ಅಣ್ಣ ಊಟಕ್ಕೆ ಕೂತಲ್ಲೇ ಹೋದವನು, ಅವನ ಮುಖದಲ್ಲಿ ಅಂಥದ್ದೇ ನಗು ಇತ್ತು. ನಿಮ್ಮ ಎದೆ ನಿಂತಿತು ಎಂದೇ ತಿಳಿದೆ. ಬೊಬ್ಬೆ ಹೊಡೆದೆ. ಸಭೆಯಲ್ಲಿ ಬೇರೇನು ಹೇಳುವುದು ಎಂದು ತೋಚದೆ ಆ ಪ್ರಶ್ನೆಯನ್ನೇ ಬೊಬ್ಬೆ ಹೊಡೆದೆ. ನೀವು ತಿರುಗಿ ಉತ್ತರ ಕೊಟ್ಟಾಗಲೇ ನೀವು ಬದುಕಿದ್ದೀರಿ ಎಂದು ನಂಬಿದ್ದು. ಯಾರು ನಕ್ಕರೋ ನನಗೆ ಗೊತ್ತಿಲ್ಲ.

ಇನ್ನು ನಿಮ್ಮ ಯಂತ್ರದ ವಿಷಯ. ತಾನು ಗೆದ್ದೆ ಎಂದು ಅದು ತಿಳಿದುಕೊಂಡಿದೆ. ಹನ್ನೊಂದನೇ ಪುಟದಲ್ಲಿ ಅದರ ಮಾತು ಸಡಿಲ ಉಂಟು. ಎಲ್ಲಿ ಎಂದು ಕಾಗದದಲ್ಲಿ ಹೇಳಲಾರೆ. ಎದುರಿಗೆ ಬಂದು ಕೂತರೆ ಹೇಳುತ್ತೇನೆ.

ನಿಮ್ಮ ಕಪ್ತಾನ,
ಚೆನ್ನಯ


ವಾಶಿ
21 ನವೆಂಬರ್ 2011

ಪ್ರಫುಲ್ಲತ್ತೆಗೆ ನಮಸ್ಕಾರಗಳು.

ಫೋನಿನಲ್ಲಿ "ಚೆನ್ನಾಗಿ ಆಯಿತು" ಎಂದಷ್ಟೇ ಹೇಳಿದ್ದೆ. ಅಲ್ಲಿ ಮದುವೆಮನೆಯ ಗದ್ದಲ, ಇಲ್ಲಿ ನನಗೆ ಅಳು ಬರುತ್ತಿತ್ತು. ಇವತ್ತು ಆಫೀಸಿಗೆ ರಜೆ ಹಾಕಿ ಮನೀಶನ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ.

ನಿನ್ನೆ ಭಾನುವಾರ ಹತ್ತು ಗಂಟೆಗೆ ಮಾವ ಬಂದರು. ಚೆನ್ನಯಣ್ಣ ಮೊದಲೇ ಬಂದು ಕೂತಿದ್ದರು. ಮಾವ ಚಪ್ಪಲಿ ಬಿಟ್ಟು, ಅವರನ್ನು ನೋಡಿ, "ಹನ್ನೊಂದನೇ ಪುಟದಲ್ಲಿ ಸಡಿಲ ಎಲ್ಲಿಯೂ ಇಲ್ಲ" ಎಂದರು. ಎಂಟೊಂಬತ್ತು ತಿಂಗಳ ಮೇಲೆ ಆಡಿದ ಮೊದಲ ಮಾತು ಅದು. ಚೆನ್ನಯಣ್ಣ, "ನೋಡುವ" ಎಂದರು. ಅಷ್ಟೇ.

ನಮ್ಮಲ್ಲಿ ಇರುವುದು ಒಂದೇ ಒಳ್ಳೆಯ ಮೈಕು, ಮೇಲಿನಿಂದ ತೂಗಾಡುತ್ತದೆ. ಇಬ್ಬರೂ ಅದರ ಕೆಳಗೆ ಎರಡಡಿ ದೂರದಲ್ಲಿ ಕೂತರು. ಹತ್ತು ಪುಟ ಎಲ್ಲ ಸರಿಯಾಗಿ ಹೋಯಿತು. ಮಾವ ಸ್ಕ್ರಿಪ್ಟಿನ ಮೇಲೆ ಬೆರಳಿಟ್ಟುಕೊಂಡು ಒಂದು ಕ್ಷಣವೂ ತಪ್ಪದೆ ತಮ್ಮ ಸರದಿ ಹಿಡಿಯುತ್ತಿದ್ದರು. ಹನ್ನೊಂದನೇ ಪುಟ ಬಂತು. ಚೆನ್ನಯಣ್ಣ ತಮ್ಮ ಕಾಗದವನ್ನು ಬೋರಲಾಗಿ ನೆಲಕ್ಕಿಟ್ಟರು.

ಮನೀಶ ಹೆಡ್‌ಫೋನ್ ಸರಿಸಿ, "ಕಾಕಾ, ಸ್ಕ್ರಿಪ್ಟ್ ಪೇ ರಹೋ ನಾ" ಎಂದ. ಮೂವತ್ತು ವರ್ಷ ಬರೆದದ್ದನ್ನು ಓದದೆ ಮಾತಾಡಿದವರು ಎಲ್ಲಿ ಕೇಳುತ್ತಾರೆ? ಅವರು ಶುರು ಮಾಡಿಯೇಬಿಟ್ಟರು.

"ಯಂತ್ರವೇ, ಮಲಗಿರುವುದೇ ಸುಖ ಎನ್ನುತ್ತಿ. ಹಾಗಾದರೆ ನನ್ನನ್ನು ಯಾಕೆ ಎಬ್ಬಿಸಿದೆ? ನೀನೇ ನಿರ್ಧಾರ ಮಾಡಿ ನೌಕೆ ತಿರುಗಿಸಬಹುದಿತ್ತು, ಯಾರು ಕೇಳುತ್ತಿದ್ದರು? ನೂರ ನಲವತ್ತು ವರ್ಷ ನೀನು ಒಬ್ಬನೇ ಇದ್ದೆ. ನಿನಗೆ ಎದುರಾಡುವವನೊಬ್ಬ ಬೇಕಿತ್ತು. ಹೌದೋ, ಅಲ್ಲವೋ?"

ಮಾವನ ಬೆರಳು ಕಾಗದದ ಮೇಲೆ ನಿಂತುಹೋಯಿತು. ಅಲ್ಲಿ ಈ ಮಾತು ಇಲ್ಲ. ಫೆಬ್ರವರಿಯಲ್ಲಿ ಆದದ್ದೇ ಮತ್ತೆ ಆಗುತ್ತದೆ, ಇಬ್ಬರನ್ನೂ ಇಲ್ಲಿ ಕರೆತಂದವಳು ನಾನು ಎಂದು ಹೆದರಿದೆ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕೊಡೋಣ ಎಂದು ಎದ್ದೆ. ಮಾವ ನನ್ನ ಕಡೆ ನೋಡದೆ ಕೈಯೆತ್ತಿ, ಕೂರು ಎಂದರು. ಅವರ ಕಣ್ಣು ಚೆನ್ನಯಣ್ಣನ ಬಾಯಿಯ ಮೇಲಿತ್ತು.

"ಹೌದು ಕಪ್ತಾನ," ಎಂದರು. "ಬೇಕಿತ್ತು."

ಅತ್ತೆ, ಆ ಎರಡು ಮಾತು ಹೇಳಿದ ರೀತಿಯನ್ನು ಬರೆದು ತಿಳಿಸಲು ನನಗೆ ಬರುವುದಿಲ್ಲ. ಚೆನ್ನಯಣ್ಣನ ಕಣ್ಣು ತುಂಬಿತು, ಆದರೂ ಬಿಡಲಿಲ್ಲ. "ನಿನಗೆ ಬೇಕಾದದ್ದು ಅವರಿಗೆ ಬೇಡವೇ? ನೀರು ಕಡಿಮೆ ಇದ್ದರೆ ಕಡಿಮೆ ನೀರಿಗಾಗಿ ಜಗಳವಾಡಲಿ, ಎಚ್ಚರದಲ್ಲಿ ಆಡಲಿ" ಎಂದರು. ಮಾವ ಸೋಲುತ್ತಾರೆಯೇ? ಅವರದ್ದೊಂದು, ಇವರದ್ದೊಂದು, ಹತ್ತೊಂಬತ್ತು ನಿಮಿಷ. ಸ್ಕ್ರಿಪ್ಟು ಎಲ್ಲೋ, ಇವರು ಎಲ್ಲೋ. ಕೊನೆಗೆ ಯಂತ್ರ, "ಸರಿ, ಎಬ್ಬಿಸು. ಎದ್ದವರು ಬೈದರೆ ಮಾತ್ರ ನೀನೇ ಕೇಳಿಸಿಕೋ" ಎಂದಿತು. ಇಬ್ಬರೂ ನಕ್ಕದ್ದೂ ರೆಕಾರ್ಡ್ ಆಗಿದೆ.

ಮನೀಶನಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಅವನು ಯಾವ ಗುಂಡಿಯನ್ನೂ ಒತ್ತದೆ ಕೂತಿದ್ದ. ಆಮೇಲೆ ನನಗೆ, "ದೀದಿ, ಯೇ ಮತ್ ಕಾಟ್ನಾ" ಎಂದ, ಇದನ್ನು ಕತ್ತರಿಸಬೇಡ ಅಂತ.

ಹೇಗೆ ತಿಳಿಯಿತು ಎಂದು ಮಾವನ ಮುಂದೆ ಕಾಗದ ಹಿಡಿದು ಬರೆದು ಕೇಳಿದೆ. "ಸಭೆಯಲ್ಲಿ ನಡುವೆ ಹತ್ತಡಿ, ಅವನ ಬಾಯಿಗೆ ಅಡ್ಡ ಮೈಕು. ಇಲ್ಲಿ ಬಾಯಿ ಕಾಣುತ್ತದೆ. ಮೂವತ್ತು ವರ್ಷ ನೋಡಿದ ಬಾಯಿ" ಎಂದರು. ಚೆನ್ನಯಣ್ಣನನ್ನು ಕೇಳಿದರೆ, "ಕೇಳಿಸದಿದ್ದರೆ ಕೇಳಿಸುವವರೆಗೆ ಹೇಳುತ್ತಿದ್ದೆ, ನನಗೇನು ಅವಸರ" ಎಂದರು.

ಒಟ್ಟು ನಲವತ್ತೇಳು ನಿಮಿಷ ಆಗಿದೆ. ನಮ್ಮ ನಾಟಕ ಮೂವತ್ತು ನಿಮಿಷ ಮೀರುವ ಹಾಗಿಲ್ಲ ಎಂದು ನಿಯಮ ಮಾಡಿದವಳು ನಾನೇ. ಬೆಳಿಗ್ಗೆಯಿಂದ ಕೂತು, ನಾನೇ ಬರೆದು ನಾನೇ ಓದಿದ್ದ ನಿರೂಪಣೆ ಪೂರ್ತಿ ತೆಗೆದೆ. ಗ್ರಹದ ವರ್ಣನೆ ತೆಗೆದೆ. ನಲವತ್ತಕ್ಕೆ ಬಂದು ನಿಂತಿದೆ. ಇನ್ನು ಒಂದು ಕ್ಷಣವೂ ತೆಗೆಯಲಾರೆ. ನಿಯಮ ಹಾಳಾಗಿ ಹೋಗಲಿ.

ಇಬ್ಬರೂ ಲಿಫ್ಟಿನಲ್ಲಿ ವಾದ ಮಾಡುತ್ತಲೇ ಇಳಿದರು. ವಾಶಿ ಸ್ಟೇಷನ್ನಿನಲ್ಲಿ ನನ್ನ ಕಣ್ಣೆದುರೇ ಮೂರು ಗಾಡಿ ಹತ್ತದೆ ಬಿಟ್ಟರು.

ನಿಮ್ಮ
ಸುಮೇಧಾ


ಕಲ್ಯಾಣ
8 ಜನವರಿ 2012

ಚಿ. ಸುಮೇಧಾ,

ಎರಡನೇ ನಾಟಕವನ್ನು ಈ ತಿಂಗಳ ಹದಿನೈದಕ್ಕೆ ಕೊಡುತ್ತೇನೆ ಎಂದು ಒಪ್ಪಿದ್ದೆ. ಆಗುವುದಿಲ್ಲ. ಕೋಪ ಮಾಡುವುದಾದರೆ ಮಾಡು, ನನಗೆ ಪುರುಸೊತ್ತಿಲ್ಲ.

ಇಪ್ಪತ್ತೊಂದನೇ ತಾರೀಕು ಶನಿವಾರ ಡೊಂಬಿವಲಿಯಲ್ಲಿ ಕೂಟ ಉಂಟು. ಅದೇ ಸಭಾಗೃಹ. ನಾನು ದೂತ, ಚೆನ್ನಯ ಅರಸ. ಅವನು ದಿನಾ ಸಂಜೆ ಅಂಗಡಿ ಮುಚ್ಚಿ ಇಲ್ಲಿಗೆ ಬರುತ್ತಾನೆ. ಅಭ್ಯಾಸಕ್ಕಂತೆ. ಅಭ್ಯಾಸ ಅರ್ಧ ಗಂಟೆ, ಉಳಿದದ್ದು ಬರಿಯ ಪಟ್ಟಾಂಗ, ಹರಟೆ. ನಿನ್ನ ಅತ್ತೆಗೆ ಚಹಾ ಮಾಡಿ ಸಾಕಾಗಿದೆ, ಆದರೂ ಬೈಯುವುದಿಲ್ಲ.

ಎರಡಡಿ ದೂರದಲ್ಲಿ ಕೂರುತ್ತೇವೆ, ಮೈಕು ಮೇಲಿನಿಂದ ತೂಗುಬಿಡಬೇಕು ಎಂದು ಸಂಘದವರಿಗೆ ಹೇಳಿದೆವು. ನೋಡಲಿಕ್ಕೆ ಚೆನ್ನಾಗಿ ಕಾಣುವುದಿಲ್ಲ ಎಂದು ಒಬ್ಬರು ತಕರಾರು ತೆಗೆದರು. "ನೋಡಲಿಕ್ಕೆ ಬರುವವರು ಸಿನಿಮಾಕ್ಕೆ ಹೋಗಲಿ" ಎಂದ ಚೆನ್ನಯ. ಒಪ್ಪಿದರು.

ಬಾಯಿ ನೋಡಿದರೂ ಎಲ್ಲವೂ ತಿಳಿಯುವುದಿಲ್ಲ, ನಿನ್ನ ಹತ್ತಿರ ಯಾಕೆ ಸುಳ್ಳು ಹೇಳಲಿ. ಹತ್ತರಲ್ಲಿ ಎರಡು ತಪ್ಪುತ್ತದೆ. ಅದಕ್ಕೆ ಒಂದು ಮಾತನ್ನು ಬೇರೆಯಾಗಿ ಅಭ್ಯಾಸ ಮಾಡುತ್ತಿದ್ದೇನೆ: "ಕೇಳಿಸಲಿಲ್ಲ ಚೆನ್ನಯ, ಇನ್ನೊಮ್ಮೆ ಹೇಳು." ಇಷ್ಟು ವರ್ಷದಲ್ಲಿ ಯಾವ ಸಭೆಯಲ್ಲೂ ನನ್ನ ಬಾಯಿಂದ ಬಾರದ ಮಾತು. ಪ್ರಫುಲ್ಲಾಳ ಎದುರು ನಿಂತು ಹೇಳಿದೆ. ಮೊದಲ ಮೂರು ಸಲ ಅರ್ಧಕ್ಕೇ ಬಿಟ್ಟು ಬೇರೆ ಮಾತು ತೆಗೆದೆ. ಈಗ ಸರಾಗವಾಗಿ ಬರುತ್ತದೆ.

ಐದು ಗಂಟೆಗೆ ಶುರು. ಬೇಗ ಬಾ, ಜನ ತುಂಬ ಬರುತ್ತಾರಂತೆ.

ಪುಂಡರೀಕಾಕ್ಷ ಮಾವ